ಒಂದನೇ ನಂಬರಿನ ಪೆಟ್ಟಿಗೆ

ಧಡ್ ಧಡ್, ಧಡ್ ಧಡ್. ಪೋರ್ಟಾಕ್ಯಾಬಿನ್ ಎಂಬ ಆ ತಗಡಿನ ಕೋಣೆಯ ನೆಲ ಪ್ಲೈವುಡ್ಡಿನದು, ಅಡಿಯಲ್ಲಿ ಬರೀ ಪೊಳ್ಳು. ಅದರ ಮೇಲೆ ರಬ್ಬರ್ ಚಪ್ಪಲಿ ಹಾಕಿಕೊಂಡ ಒಬ್ಬ ಮನುಷ್ಯ ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಲೇ ಇದ್ದರೆ ಯಾರೋ ಖಾಲಿ ಡ್ರಮ್ಮಿಗೆ ಅಂಗೈಯಿಂದ ಬಡಿದ ಹಾಗೆ ಕೇಳುತ್ತದೆ. ಕಾನ್ವೆಂಟಿನಲ್ಲಿ ನಾವು ಹಾಗೆ ನಡೆದಿದ್ದರೆ ಸಿಸ್ಟರ್ ಕಾರಿಡಾರಿನ ತುದಿಯಿಂದಲೇ "ಗರ್ಲ್ಸ್, ಎಲಿಫೆಂಟ್ಸ್ ಆರ್ ನಾಟ್ ಅಡ್ಮಿಟೆಡ್ ಹಿಯರ್" ಅನ್ನುತ್ತಿದ್ದರು. ಒಂದು ದಿನ ನಾನೂ ತಡೆಯಲಾರದೆ ಹೇಳಿಬಿಟ್ಟೆ, ಸ್ವಲ್ಪ ಕೂತುಕೊಳ್ಳಬಾರದೇ ಬ್ಯಾರಿಗಳೇ, ನನಗೆ ತಲೆ ತಿರುಗುತ್ತದೆ ಎಂದು. ಅವರು ನಿಂತರು, ಕುರ್ಚಿಯನ್ನು ಒಮ್ಮೆ ನೋಡಿದರು, "ಕೂತರೆ ನನಗೆ ಯೋಚನೆಯೇ ಬರುವುದಿಲ್ಲ ಬಾಯಮ್ಮ" ಎಂದರು. ಮತ್ತೆ ಧಡ್ ಧಡ್.

ನಮ್ಮ ದಕ್ಷಿಣ ಕನ್ನಡದಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಅನ್ನುವುದು ವಾಡಿಕೆ. ಕತಾರಿನಲ್ಲಿ ಮೂವತ್ತು ವರ್ಷ ಬರೀ 'ಮೇಡಂ' ಆಗಿದ್ದ ನನ್ನನ್ನು ಹಾಗೆ ಕರೆದವರು ಅವರೊಬ್ಬರೇ. ನಮ್ಮ ಕಡೆಯ ಮುಸ್ಲಿಮರನ್ನು ಕರೆಯುವ ಹಾಗೆ ನಾನು ಅವರನ್ನು ಬ್ಯಾರಿಗಳೇ ಅನ್ನುತ್ತಿದ್ದೆ. ಅರ್ಧ ತುಳು, ಅರ್ಧ ಕನ್ನಡ, ನಡುನಡುವೆ ಅರಬಿಯ ಯಲ್ಲಾ, ಖಲಾಸ್. ನಮ್ಮ ಮಾತು ಹಾಗೆ ಸಾಗುತ್ತಿತ್ತು.

ಹೋದ ತಿಂಗಳು ನಮ್ಮ ಕಂಪನಿಯ ಮೆಸಯೀದಿನ ಸ್ಟೋರಿನಿಂದ ಒಂದು ಮೆಸೇಜು ಬಂತು, ಬ್ಯಾರಿಗಳು ಊರಿನಲ್ಲಿ ತೀರಿಕೊಂಡರಂತೆ ಎಂದು. ಅಷ್ಟೇ, ಒಂದೇ ಲೈನು. ಅವತ್ತಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಹಾಗೆ ನೋಡಿದರೆ ಕೂರಲು ಪುರುಸೊತ್ತೂ ಇಲ್ಲ. ಬರುವ ತಿಂಗಳು ನನ್ನ ವೀಸಾ ಕ್ಯಾನ್ಸಲ್, ನಾನೂ ಗಂಟುಮೂಟೆ ಕಟ್ಟುತ್ತಿದ್ದೇನೆ. ಒಂದು ಡ್ರಾಯರ್ ತೆಗೆಯುತ್ತೇನೆ, ಅರ್ಧ ಖಾಲಿ ಮಾಡುತ್ತೇನೆ, ಎದ್ದು ಹೋಗಿ ಗ್ಯಾಸ್ ಆಫ್ ಮಾಡಿದ್ದೇನೆಯೇ ನೋಡುತ್ತೇನೆ, ವಾಪಸು ಬಂದಾಗ ಯಾವ ಡ್ರಾಯರ್ ಎಂದು ಮರೆತಿರುತ್ತದೆ. ಅವರು ಕೊಟ್ಟ ಪೆನ್ ಡ್ರೈವ್ ಅಂಥದೊಂದು ಡ್ರಾಯರಿನಲ್ಲಿ, ರೋಸರಿಯ ಡಬ್ಬಿಯಲ್ಲಿ ಸಿಕ್ಕಿತು. ಅದನ್ನು ಈಗ ಲಗೇಜಿನಲ್ಲಿ ಹಾಕಲೋ, ಹ್ಯಾಂಡ್‌ಬ್ಯಾಗಿನಲ್ಲಿ ಇಡಲೋ ಎಂದು ಮೂರು ದಿನದಿಂದ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಬದಲಾಯಿಸುತ್ತಿದ್ದೇನೆ. ಸಿಲ್ಲಿ, ಐ ನೋ.

ಅವರು ಪಾಣೆಮಂಗಳೂರಿನ ಕಡೆಯವರು. ನಮ್ಮ ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಪಂಪ್ ಸೆಕ್ಷನ್ನಿನಲ್ಲಿದ್ದವರು. ಎಸ್ಸೆಸ್ಸೆಲ್ಸಿ ಪಾಸಾಗಿರಲಿಲ್ಲ. ಆದ್ದರಿಂದ ಇಪ್ಪತ್ತೆರಡು ವರ್ಷವೂ ಅವರ ಐಡಿ ಕಾರ್ಡಿನಲ್ಲಿ ಒಂದೇ ಪದ: ಹೆಲ್ಪರ್. ತೆಳ್ಳಗಿನ ಆಳು. ಕನ್ನಡಕದ ಒಂದು ಕಾಲಿಗೆ ಕಪ್ಪು ಇನ್ಸುಲೇಷನ್ ಟೇಪು. ಕಾರ್ಡು ನೇತಾಡುವ ಆ ನೀಲಿ ಪಟ್ಟಿಗೇ ಪೆನ್ ಡ್ರೈವನ್ನೂ ಕಟ್ಟಿಕೊಂಡಿರುತ್ತಿದ್ದರು, ಹಾಗಾಗಿ ನಡೆಯುವಾಗ ಎರಡೂ ಒಂದಕ್ಕೊಂದು ತಾಗಿ ಟಿಕ್ ಟಿಕ್ ಅನ್ನುತ್ತಿದ್ದವು. ಕಂಪ್ಯೂಟರ್ ವಿದ್ಯೆ ಎಲ್ಲಿಂದ ಕಲಿತಿರಿ ಎಂದರೆ, ಹಾಳಾದದ್ದನ್ನು ಬಿಚ್ಚಿ ನೋಡುವ ಕೆಟ್ಟ ಚಾಳಿ ಸಣ್ಣದರಿಂದ ಉಂಟು, ಅಷ್ಟೇ ಅನ್ನುತ್ತಿದ್ದರು. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಿದ್ದವರು, ಅದೇ ಇಂಗ್ಲಿಷಿನ ಕಮಾಂಡುಗಳನ್ನು ಮಾತ್ರ ಒಂದು ಚುಕ್ಕೆ ತಪ್ಪದೆ ಹೊಡೆಯುತ್ತಿದ್ದರು. ಹೊಡೆಯುವುದು ಎರಡೇ ಬೆರಳಿನಲ್ಲಿ, ನಿಂತುಕೊಂಡೇ, ಟೇಬಲ್ಲಿನ ಮೇಲೆ ಬಾಗಿ.

ನನಗೆ ಅವರ ಪರಿಚಯವಾದದ್ದು ಸ್ಕ್ರ್ಯಾಪಿನಿಂದ. ನಾನು ಆಗ ಅಲ್ ಖೋರಿನ ನಮ್ಮ ಆಫೀಸಿನಲ್ಲಿ ಅಡ್ಮಿನ್ ಸೆಕ್ರೆಟರಿ, ಹಳೆ ಫರ್ನಿಚರ್, ಹಳೆ ಮೆಶೀನುಗಳ ಲಿಸ್ಟು ನನ್ನ ಕೈಯಲ್ಲೇ. ಒಂದು ಬೆಳಿಗ್ಗೆ ಶಿಫ್ಟಿಗೆ ಹೋಗುವ ಬಸ್ಸನ್ನು ಬಿಟ್ಟು ಈ ಮನುಷ್ಯ ನನ್ನ ಟೇಬಲ್ ಮುಂದೆ ನಿಂತಿದ್ದರು. ಸ್ಟೋರಿನಲ್ಲಿ ಎಂಟು ಕಂಪ್ಯೂಟರ್ ಬಿಸಾಡಲಿಕ್ಕೆ ಇಟ್ಟಿದ್ದೀರಂತಲ್ಲ, ಅದನ್ನು ನಾವಿರುವ ಲೇಬರ್ ಕ್ಯಾಂಪಿಗೆ ಕೊಡಿ ಎಂದರು. ಅವು ಸತ್ತಿವೆ, ಒಳಗೆ ಏನೂ ಇಲ್ಲ, ಡಿಸ್ಕೆಲ್ಲ ಅಳಿಸಿಯಾಗಿದೆ ಎಂದೆ.

"ಸತ್ತದ್ದಲ್ಲ ಬಾಯಮ್ಮ, ಹಸಿದದ್ದು" ಎಂದರು.

ಅವರು ಹಾಗೆ ಕೇಳಲಿಕ್ಕೊಂದು ಕಾರಣವಿತ್ತು. ಅಲ್ ಖೋರಿನ ಪ್ರಾಜೆಕ್ಟು ಮುಗಿಯುತ್ತ ಬಂದಿತ್ತು. ಮೆಸಯೀದಿನಲ್ಲಿ ಹೊಸ ಸ್ಟೋರು ಶುರುವಾಗುವುದಿತ್ತು, ಅಲ್ಲಿಗೆ ಸ್ಟೋರ್ ಅಸಿಸ್ಟೆಂಟುಗಳು ಬೇಕಿತ್ತು. ಕ್ಯಾಂಪಿನ ಹಳೆ ಹೆಲ್ಪರುಗಳಿಗೂ ಚಾನ್ಸ್ ಕೊಡೋಣ, ಕಂಪ್ಯೂಟರ್ ಟೆಸ್ಟ್ ಪಾಸಾದವರು ಬರಲಿ, ಆಗದವರು ಊರಿಗೆ, ಖಲಾಸ್ ಎಂದು ನಮ್ಮ ಮ್ಯಾನೇಜರು ನೋಟೀಸು ಹಾಕಿದ್ದರು. ಟೆಸ್ಟಿನಲ್ಲಿ ಎರಡು ಭಾಗ. ಸಾಮಾನಿನ ಲಿಸ್ಟನ್ನು ಕಂಪ್ಯೂಟರಿನ ಶೀಟಿನಲ್ಲಿ ಎಂಟ್ರಿ ಮಾಡುವುದು ಒಂದು, ಟೈಪಿಂಗ್ ಇನ್ನೊಂದು. ನಿಮಿಷಕ್ಕೆ ಇಪ್ಪತ್ತು ಶಬ್ದ, ಅದಕ್ಕಿಂತ ಕಮ್ಮಿಯಾದರೆ ಫೇಲ್. ಹನ್ನೊಂದು ಜನ ಹೆಸರು ಕೊಟ್ಟಿದ್ದರು, ಬ್ಯಾರಿಗಳೂ ಸೇರಿ. ಹತ್ತು ಜನ ಜನ್ಮದಲ್ಲಿ ಕೀಬೋರ್ಡ್ ಮುಟ್ಟಿದವರಲ್ಲ.

ನಿಮಗೇನು, ನೀವು ಕಣ್ಣು ಮುಚ್ಚಿ ಪಾಸಾಗುತ್ತೀರಿ ಎಂದೆ ನಾನು. ಅವರು ತಮ್ಮ ಕಾರ್ಡನ್ನು ತಿರುಗಿಸಿ ನನಗೆ ತೋರಿಸಿದರು. "ಸಣ್ಣ ಮಗಳು ಕಾಲೇಜಿಗೆ ಸೇರುವಾಗ ತಂದೆಯ ಉದ್ಯೋಗ ಅಂತ ಬರೆಯುವಲ್ಲಿ ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದಳಂತೆ. ಒಂದು ಸಲ ಇದರಲ್ಲಿ ಬೇರೆ ಎಂತದಾದರೂ ಬರೆಸಿಕೊಂಡು ಊರಿಗೆ ಹೋಗಬೇಕು ಬಾಯಮ್ಮ. ಸ್ಟೋರ್ ಅಸಿಸ್ಟೆಂಟ್ ಅಂದರೆ ಚಂದ ಉಂಟಲ್ಲ?"

ಚಂದ ಉಂಟು ಎಂದೆ. ಅವತ್ತೇ ಮ್ಯಾನೇಜರ ಸಹಿ ತೆಗೆದುಕೊಂಡೆ. ಅವರು ಲೆಬನಾನಿನವರು, ಮಾತು ಒರಟು, ಮನಸ್ಸು ಬೆಣ್ಣೆ. ಟೆಸ್ಟ್ ಆದ ಮೇಲೆ ಅಲ್ಲಿ ಒಂದು ಮೆಶೀನೂ ಇರಕೂಡದು ಎಂದು ಹೇಳಿ ಸಹಿ ಹಾಕಿದರು.

ಕ್ಯಾಂಪಿನ ಹಿಂಭಾಗದ ಪೋರ್ಟಾಕ್ಯಾಬಿನ್ನಿನಲ್ಲಿ ಎಂಟೂ ಬಂದು ಕೂತವು. ಬ್ಯಾರಿಗಳು ಅವುಗಳಿಗೆ ಮಾರ್ಕರಿನಿಂದ ನಂಬರ್ ಬರೆದರು. ಅವರ ಬಾಯಲ್ಲಿ ಸಿಪಿಯು ಅಂತ ಇಲ್ಲ, ಪೆಟ್ಟಿಗೆ. ಒಂದನೇ ಪೆಟ್ಟಿಗೆ, ಎರಡನೇ ಪೆಟ್ಟಿಗೆ. ದುಡ್ಡಿಲ್ಲದೆ ಸಿಗುವ ಲಿನಕ್ಸ್ ಎಂಬುದರ ಬರಿಮೈ ಸಿಸ್ಟಂ ಒಂದು ಸೀಡಿಯಲ್ಲಿತ್ತು, ಅದನ್ನು ಎಂಟಕ್ಕೂ ಹಾಕಿದರು. ಆದರೆ ಬರಿಮೈಯಿಂದ ಏನು ಪ್ರಯೋಜನ? ಶೀಟು ಬೇಕು, ಟೈಪಿಂಗ್ ಕಲಿಸುವ ಪ್ರೋಗ್ರಾಂ ಬೇಕು, ಪ್ರಿಂಟ್ ಬೇಕು. ಅದೆಲ್ಲ ಇಂಟರ್ನೆಟ್ಟಿನಿಂದ ಬರಬೇಕು. ಕ್ಯಾಂಪಿನಲ್ಲಿ ನೆಟ್ ಮಾಫಿ, ಇಲ್ಲವೇ ಇಲ್ಲ. ಇದ್ದದ್ದು ಬ್ಯಾರಿಗಳ ಮೊಬೈಲಿನ ಡೇಟಾ, ಅದೂ ಮಗುವಿಗೆ ಔಷಧಿ ಕುಡಿಸಿದ ಹಾಗೆ ತೊಟ್ಟು ತೊಟ್ಟಾಗಿ. ಒಂದು ಪೆಟ್ಟಿಗೆಗೆ ಬೇಕಾದದ್ದು ಇಳಿಯಲಿಕ್ಕೆ ಮೂರು ವಾರ.

ಹಾಗಾದರೆ ಎಂಟಕ್ಕೆ ಇಪ್ಪತ್ತನಾಲ್ಕು ವಾರ ಎಂದು ನಾನು ಲೆಕ್ಕ ಹಾಕಿದೆ. ಅವರು ನಕ್ಕರು. ಬಾಯಮ್ಮ, ನೀವು ಕ್ಯಾಂಪಿನಲ್ಲಿ ಇದ್ದವರಲ್ಲ, ಅದಕ್ಕೆ ಹಾಗೆ ಎಣಿಸುತ್ತೀರಿ ಎಂದರು.

ಕ್ಯಾಂಪಿನ ಕ್ರಮ ನನಗೂ ಆಮೇಲೆ ತಿಳಿಯಿತು. ಒಬ್ಬ ರಜೆಗೆ ಊರಿಗೆ ಹೋದರೆ ಅವನು ತನ್ನ ಮನೆಗೆ ಮಾತ್ರ ಹೋಗುವುದಲ್ಲ. ರೂಮಿನವರೆಲ್ಲರ ಮನೆಗೂ ಹೋಗಿ, ಎಲ್ಲರ ತಾಯಂದಿರ ಕೈಯಿಂದಲೂ ಪೊಟ್ಟಣ ತೆಗೆದುಕೊಂಡು, ತನ್ನ ಅಂಗಿ ಪ್ಯಾಂಟು ಬಿಟ್ಟಾದರೂ ಅವನ್ನೆಲ್ಲ ತುಂಬಿಸಿಕೊಂಡು ಬರಬೇಕು. ಬಂದ ದಿನ ಮಂಚದ ಮೇಲೆ ಪೆಟ್ಟಿಗೆ ಬಿಚ್ಚಿ ಹಂಚುತ್ತಾರೆ. ಒಬ್ಬನ ಪ್ರಯಾಣ, ಹನ್ನೊಂದು ಮನೆಯ ಉಪ್ಪಿನಕಾಯಿ. "ಒಂದು ಸಲ ಸಮುದ್ರ ದಾಟಿ ಬಂದದ್ದನ್ನು ಎರಡನೇ ಸಲ ದಾಟಿಸಬಾರದು" ಎಂಬುದು ಬ್ಯಾರಿಗಳ ಮಾತು. ಕಂಪ್ಯೂಟರಿಗೂ ಅದೇ ನಿಯಮ. ಒಂದನೇ ಪೆಟ್ಟಿಗೆ ಊರಿಗೆ ಹೋಗಿ ಬರುತ್ತದೆ. ಅದು ಇಳಿಸಿಕೊಂಡ ಒಂದೊಂದು ಪ್ಯಾಕೇಜನ್ನೂ ತನ್ನೊಳಗೆ ಒಂದು ಕಡೆ ಕಟ್ಟಿಟ್ಟ ಹಾಗೆಯೇ ಇಟ್ಟುಕೊಂಡಿರುತ್ತದೆ, ಅವರ ಮಾತಿನಲ್ಲಿ ಉಗ್ರಾಣ. ಆ ಉಗ್ರಾಣದಿಂದ ಪೆನ್ ಡ್ರೈವಿಗೆ, ಪೆನ್ ಡ್ರೈವಿನಿಂದ ಎರಡನೆಯದಕ್ಕೆ, ಮೂರನೆಯದಕ್ಕೆ. ನೆಟ್ಟಿನ ಹಂಗೇ ಇಲ್ಲ.

ಹಂಚುವುದಕ್ಕೂ ಒಂದು ಕ್ರಮವಿತ್ತು. ಒಂದು ಪ್ಯಾಕೇಜು ಕೂರಬೇಕಾದರೆ ಅದಕ್ಕೆ ಬೇಕಾದ ಇನ್ನೊಂದು ಮೊದಲೇ ಬಂದು ಕೂತಿರಬೇಕು, ಇಲ್ಲದಿದ್ದರೆ ಅದು ಬಾಗಿಲಲ್ಲೇ ಹಟ ಹಿಡಿದು ನಿಲ್ಲುತ್ತದೆ. "ಭಾವ ಬಾರದೆ ಮದುಮಗ ಇಳಿಯುವುದಿಲ್ಲ, ಅಜ್ಜ ಬಾರದೆ ಭಾವ ಇಳಿಯುವುದಿಲ್ಲ" ಎನ್ನುತ್ತ ಅವರು ಮೊದಲು ಅಜ್ಜನನ್ನು ಹುಡುಕಿ ಕೂರಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಅವರು ಹೇಳಿದ ಕ್ರಮವನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುತ್ತಿದ್ದೆ. ಆಫೀಸು ಬಿಟ್ಟ ಮೇಲೆ ಮನೆಗೆ ಹೋಗಿ ಮಾಡುವುದೇನಿತ್ತು? ಮದುವೆಯಾಗದ ಹೆಂಗಸು, ನಾಲ್ಕು ಗೋಡೆ, ಒಂದು ಟೀವಿ. ಆನೆಸ್ಟ್ಲಿ, ಆ ಮೂರು ವಾರ ಇದ್ದಷ್ಟು ಖುಷಿಯಲ್ಲಿ ಅದಕ್ಕಿಂತ ಹಿಂದೆ ಯಾವಾಗ ಇದ್ದೆನೋ ನೆನಪಿಲ್ಲ.

ಅವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಹಾಲಿಲ್ಲದ ಸುಲೈಮಾನಿ ಚಾ ಕುಡಿಯುವುದೂ ನಿಂತೇ. ಕ್ರಿಸ್‌ಮಸ್ಸಿಗೆ ನಾನು ಮಾಡಿದ ಕುಸ್ವಾರ್, ನಮ್ಮ ಹಬ್ಬದ ತಿಂಡಿಗಳನ್ನು ಒಯ್ದು ಕೊಟ್ಟಾಗ ಕರಿಗಡುಬಿನಂಥ ನೆವ್ರಿಯನ್ನು ಮಾತ್ರ ಹೆಕ್ಕಿ ತಿಂದು, ಒಳಗೆ ತೆಂಗಿನಕಾಯಿ ಇರುವುದು ಹೊರಗೆ ಗೊತ್ತೇ ಆಗುವುದಿಲ್ಲ, ಒಳ್ಳೆ ಪ್ಯಾಕಿಂಗ್ ಎಂದಿದ್ದರು. ಯಾರನ್ನಾದರೂ ಬೈದದ್ದನ್ನು ನಾನು ಕೇಳಿಲ್ಲ. ಸಿಟ್ಟು ಬಂದರೆ ನಡೆಯುತ್ತಿದ್ದರು. ಖುಷಿಯಾದರೂ ನಡೆಯುತ್ತಿದ್ದರು. ಯಾವುದು ಯಾವುದೆಂದು ಧಡ್ ಧಡ್‌ನ ವೇಗದಲ್ಲಿ ನಾವು ಊಹಿಸಬೇಕಿತ್ತು.

ಒಂದೇ ವಿಷಯಕ್ಕೆ ನಾನು ಅವರ ಬೆನ್ನು ಹತ್ತಿದ್ದು, ಟೈಪಿಂಗ್. ಎರಡು ಬೆರಳಿನಲ್ಲಿ ಇಪ್ಪತ್ತು ಶಬ್ದ ಆಗುವುದಿಲ್ಲ, ನನ್ನ ಹತ್ತಿರ ಕೂತು ಕಲಿಯಿರಿ, ಹತ್ತೂ ಬೆರಳಿಗೆ ಒಂದೊಂದು ಮನೆ ಇದೆ ಎಂದೆ. ಕ್ಯಾಂಪಿನ ಹುಡುಗರೂ ಕೀಟಲೆ ಮಾಡುತ್ತಿದ್ದರು. ಬಜಪೆಯ ಒಬ್ಬನಂತೂ, "ಕಾಕಾ, ಇದು ಟೈಪಿಂಗಾ, ಕೋಳಿ ಕಾಳು ಹೆಕ್ಕುವುದಾ?" ಎನ್ನುತ್ತಿದ್ದ. ಮೊದಲು ಪೆಟ್ಟಿಗೆಗಳು ಆಗಲಿ ಎಂದು ಅವರು ದಿನ ದೂಡಿದರು. ಕೊನೆಗೆ ಒಪ್ಪಂದವಾಯಿತು. ಟೆಸ್ಟ್ ಭಾನುವಾರ. ಶುಕ್ರವಾರ, ಶನಿವಾರ ರಜೆ. ಶುಕ್ರವಾರ ಬೆಳಿಗ್ಗೆ ಉಳಿದ ಪೆಟ್ಟಿಗೆಗಳಿಗೆಲ್ಲ ಹಂಚಿ ಮುಗಿಸುವುದು, ಜುಮ್ಮಾ ನಮಾಜು ಮುಗಿಸಿ ಬಂದ ಮೇಲೆ ಇಡೀ ಮಧ್ಯಾಹ್ನ ಅವರ ಟೈಪಿಂಗ್, ಶನಿವಾರವೂ ಅದೇ.

"ಶುಕ್ರವಾರ ಮಧ್ಯಾಹ್ನ ನಾನು ಕೂರುತ್ತೇನೆ" ಎಂದರು. ಹರಕೆ ಹೇಳಿಕೊಂಡವರ ಹಾಗೆ.

ಇನ್ನು ನನ್ನ ಕೆಲಸದ ಬಗ್ಗೆ ಬರೆಯಬೇಕು. ಎರಡನೇ ಮತ್ತು ಮೂರನೇ ಪೆಟ್ಟಿಗೆಗೆ ಹಂಚಿ ಆಗಿತ್ತು. ಅವುಗಳ ಡಿಸ್ಕು ಚಿಕ್ಕದು. ಪ್ಯಾಕೇಜುಗಳು ಕೂತ ಮೇಲೆ ಕಟ್ಟಿಟ್ಟ ಪೊಟ್ಟಣಗಳು ಅಲ್ಲಿ ಸುಮ್ಮನೆ ಜಾಗ ತಿನ್ನುತ್ತಿದ್ದವು. ಉಗ್ರಾಣ ಗುಡಿಸಲಿಕ್ಕೆ ಎರಡೇ ಶಬ್ದದ ಒಂದು ಕಮಾಂಡ್ ಇತ್ತು. ಅದನ್ನು ನನಗೆ ಹೇಳಿಕೊಟ್ಟು, ಪಾಸ್‌ವರ್ಡನ್ನೂ ಕೊಟ್ಟು, ಇದು ನಿಮ್ಮ ಡಿಪಾರ್ಟ್‌ಮೆಂಟ್ ಬಾಯಮ್ಮ, ಗುಡಿಸುವುದರಲ್ಲಿ ನೀವು ಎಕ್ಸ್‌ಪರ್ಟ್ ಎಂದಿದ್ದರು. ಅದು ನಿಜವೇ. ನನ್ನ ಟೇಬಲ್ ನೋಡಿದವರಿಗೆ ಗೊತ್ತು. ಸಂಜೆ ಹೊರಡುವಾಗ ಅದರ ಮೇಲೆ ಒಂದು ಜೆಮ್ ಕ್ಲಿಪ್ ಕೂಡ ಇರುವುದಿಲ್ಲ. ಸಿಸ್ಟರುಗಳು ಕಲಿಸಿದ್ದು ಅದನ್ನೇ, ಎ ಟೈಡಿ ಡೆಸ್ಕ್, ಎ ಟೈಡಿ ಸೋಲ್.

ಗುರುವಾರ ನಾಲ್ಕು ಗಂಟೆಗೆ ನಾನೊಬ್ಬಳೇ ಪೋರ್ಟಾಕ್ಯಾಬಿನ್ನಿಗೆ ಹೋದೆ. ಶಿಫ್ಟಿನ ಬಸ್ಸು ಬರಲಿಕ್ಕೆ ಇನ್ನೂ ಎರಡು ತಾಸು ಇತ್ತು. ಟೇಬಲ್ಲುಗಳ ಧೂಳು ಒರೆಸಿದೆ. ಒಂದನೇ ಪೆಟ್ಟಿಗೆಯನ್ನು ಆನ್ ಮಾಡಿದರೆ ಸ್ಕ್ರೀನಿನಲ್ಲಿ ಒಂದು ವಾರ್ನಿಂಗ್, ಡಿಸ್ಕಿನಲ್ಲಿ ಜಾಗ ಕಮ್ಮಿಯಾಗಿದೆ ಎಂದು. ನಾನು ಯೋಚಿಸಲೇ ಇಲ್ಲ. ಎರಡನೆಯದಕ್ಕೆ ಮಾಡಿದ್ದನ್ನು, ಮೂರನೆಯದಕ್ಕೆ ಮಾಡಿದ್ದನ್ನು ಒಂದನೆಯದಕ್ಕೂ ಮಾಡಿದೆ. ಎರಡು ಶಬ್ದ, ಪಾಸ್‌ವರ್ಡ್, ಎಂಟರ್. ವಾರ್ನಿಂಗ್ ಹೋಯಿತು. ಕಪ್ಪು ಹಲಗೆಯನ್ನು ಚೆನ್ನಾಗಿ ಒರೆಸಿದ ಲೀಡರ್ ಹುಡುಗಿಯ ಹಾಗೆ ನಾನು ಕೈ ಕಟ್ಟಿಕೊಂಡು ಕೂತೆ.

ಆರೂವರೆಗೆ ಅವರು ಬಂದರು, ಮುಖ ಕೂಡ ತೊಳೆಯದೆ. ಈಗಲೇ ನಾಲ್ಕನೆಯದನ್ನು ಶುರು ಮಾಡಿಬಿಡುವ, ನಾಳೆಗೆ ಹಗುರವಾಗ್ತದೆ ಎಂದರು. ಪೆನ್ ಡ್ರೈವ್ ಅವರ ಕೊರಳಲ್ಲೇ ಇತ್ತು, ಆದರೆ ಅದರಲ್ಲಿ ಆಗ ಇದ್ದದ್ದು ರೂಮಿನವನೊಬ್ಬನ ತಂಗಿಯ ಮದುವೆಯ ವೀಡಿಯೋ. ಒಂದನೇ ಪೆಟ್ಟಿಗೆಯಲ್ಲಿ ಎಲ್ಲ ಉಂಟಲ್ಲ ಎಂಬ ಧೈರ್ಯದಿಂದ ಅವರು ಪೆನ್ ಡ್ರೈವ್ ಖಾಲಿ ಮಾಡಿ ಅವನಿಗೆ ಕೊಟ್ಟಿದ್ದರು. ಬಾಗಿ ಉಗ್ರಾಣ ತೆರೆದರು. ಏನೂ ಇಲ್ಲ.

ಆ ಕ್ಷಣದಲ್ಲಿ ನನಗೆ ಅರ್ಥವಾಯಿತು. ಎರಡನೆಯದನ್ನು, ಮೂರನೆಯದನ್ನು ಗುಡಿಸಬಹುದಿತ್ತು, ಯಾಕೆಂದರೆ ಒಂದನೆಯದು ತುಂಬಿತ್ತು. ಈಗ ಎಲ್ಲಿಯೂ ಇಲ್ಲ. ಮೂರು ವಾರ ತೊಟ್ಟು ತೊಟ್ಟಾಗಿ ಬಂದದ್ದು ಎಲ್ಲಿಯೂ ಇಲ್ಲ. ಹನ್ನೊಂದು ಜನ, ಕೆಲಸಕ್ಕೆ ಬರುವ ಪೆಟ್ಟಿಗೆ ಮೂರು, ನಡುವೆ ಎರಡು ದಿನ.

ಅವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಕಪ್ಪು ಸ್ಕ್ರೀನ್ ತೆರೆದು ಯಾವುದೋ ಒಂದು ಕೀ ಒತ್ತಿದರು, ಇನ್ನೊಮ್ಮೆ ಒತ್ತಿದರು, ಸ್ಕ್ರೀನನ್ನೇ ನೋಡಿದರು.

"ಮಧ್ಯಾಹ್ನ ಯಾರಾದರೂ ಬಂದಿದ್ದರಾ ಬಾಯಮ್ಮ?"

"ಇಲ್ಲಪ್ಪ. ನಾನು ಧೂಳು ಒರೆಸಿದೆ, ಅಷ್ಟೇ. ಕರೆಂಟು ಹೋಗಿ ಬಂದಿತ್ತೋ ಏನೋ."

ಅಷ್ಟು ಸಲೀಸಾಗಿ ಬಂತು. ನಾನು, ಚಾಪೆಲ್ಲಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು. ಯಾಕೆ ಹೇಳಿದೆ ಎಂದು ಆರು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಹೆದರಿಕೆಯಲ್ಲ. ಅವರು ಬೈಯುವವರಲ್ಲ. ಆ ಮೂರು ವಾರ ನಾನು ಯಾರಿಗೋ ಬೇಕಾದವಳಾಗಿದ್ದೆ, ಅದು ಹೋಗುತ್ತದೆ ಅನ್ನಿಸಿತು, ಅಷ್ಟೇ ಇರಬೇಕು.

"ಹಾಂ, ಹಳೆ ಪೆಟ್ಟಿಗೆ ಅಲ್ವಾ" ಎಂದರು ಅವರು. ನಡೆಯಲು ಶುರು ಮಾಡಿದರು. ಧಡ್ ಧಡ್, ಧಡ್ ಧಡ್. ಅವತ್ತಿನ ವೇಗ ಸಿಟ್ಟಿನದೋ ಯೋಚನೆಯದೋ ನನಗೆ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ನಿಂತು, ಮೆಸಯೀದಿನಲ್ಲಿ ಒಬ್ಬ ಮಲಯಾಳಿ ಇದ್ದಾನೆ, ಹೋದ ವಾರ ಅವನ ಹಳೆ ಪೆಟ್ಟಿಗೆಗೂ ಈ ಒಂದನೆಯದರಿಂದಲೇ ಎಲ್ಲ ಪ್ಯಾಕೇಜುಗಳನ್ನು ಹಾಕಿ ಕೊಟ್ಟಿದ್ದೇನೆ ಎಂದರು. "ಅವನು ರೂಮನ್ನೇ ಗುಡಿಸುವವನಲ್ಲ, ಕಂಪ್ಯೂಟರ್ ಗುಡಿಸ್ತಾನಾ? ಅಲ್ಲಿ ಎಲ್ಲ ಇರ್ತದೆ, ಅಲ್‌ಹಮ್ದುಲಿಲ್ಲಾ."

ಶುಕ್ರವಾರ ಕಂಪನಿ ಬಸ್ಸಿಲ್ಲ. ಅಲ್ ಖೋರ್ ದೋಹಾದ ಉತ್ತರಕ್ಕೆ, ಮೆಸಯೀದ್ ದಕ್ಷಿಣಕ್ಕೆ. ಬೆಳಿಗ್ಗೆ ದೋಹಾಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ನಡುವೆ ಎಲ್ಲೋ ಜುಮ್ಮಾ, ವಾಪಸು ಹಾಗೆಯೇ. ನಾನು ಪೋರ್ಟಾಕ್ಯಾಬಿನ್ನಿನಲ್ಲಿ ಕೆಲಸಕ್ಕೆ ಬರುವ ಮೂರು ಪೆಟ್ಟಿಗೆಗಳಲ್ಲಿ ಉಳಿದ ಹತ್ತು ಜನರನ್ನು ಸರದಿಯ ಮೇಲೆ ಕೂರಿಸಿ ಟೈಪಿಂಗಿನ ಎ ಎಸ್ ಡಿ ಎಫ್ ಹೇಳಿಕೊಟ್ಟೆ. ಬಾಯಲ್ಲಿ ಎ ಎಸ್ ಡಿ ಎಫ್, ಕಣ್ಣು ಗೇಟಿನ ಕಡೆ. ಅವರಿಗೆಂದು ಇಟ್ಟಿದ್ದ ಕುರ್ಚಿಯ ಮೇಲೆ ಬಜಪೆಯವನು ತನ್ನ ಟೋಪಿ ಇಟ್ಟ, ತೆಗೆ ಎಂದು ಗದರಿದೆ. ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಅವರು ಬಂದರು. ಅಂಗಿಯೆಲ್ಲ ಬೆವರಿನ ಉಪ್ಪು. ಪೆನ್ ಡ್ರೈವನ್ನು ಎತ್ತಿ ತೋರಿಸಿದರು, ಗೆದ್ದ ಕಪ್ಪನ್ನು ತೋರಿಸುವ ಹಾಗೆ. ಮದುವೆ ವೀಡಿಯೋ ಈಗ ಮಲಯಾಳಿಯ ಹತ್ತಿರ ಉಂಟು, ಅವನು ನೋಡಿ ಖುಷಿಪಡಲಿ ಎಂದರು.

ಶನಿವಾರ ಇಡೀ ದಿನ ಹಂಚಿದರು. ನಾಲ್ಕು, ಐದು, ಆರು, ಏಳು, ಎಂಟು. ಅಜ್ಜ, ಭಾವ, ಮದುಮಗ. ಒಂದು ಪೆಟ್ಟಿಗೆ ಸಿದ್ಧವಾದ ಹಾಗೆ ಅದರ ಮುಂದೆ ಒಬ್ಬನನ್ನು ಕೂರಿಸಿದರು. ಸಂಜೆ ಹೊತ್ತಿಗೆ ಎಂಟು ಕೀಬೋರ್ಡುಗಳ ಮಳೆ. ಅವರಿಗೆ ಒಂದು ಕೀಬೋರ್ಡೂ ಉಳಿಯಲಿಲ್ಲ. ಈಗಲಾದರೂ ಒಬ್ಬನನ್ನು ಎಬ್ಬಿಸಿ ಕೂರಿ ಎಂದು ನಾನು ಎರಡು ಸಲ ಹೇಳಿದೆ. ಅವನು ನಿನ್ನೆಯಿಂದ ಕಲಿತದ್ದು ಬಾಯಮ್ಮ, ಎಬ್ಬಿಸಿದರೆ ಮರೆತುಬಿಡ್ತಾನೆ ಎಂದರು.

ಟೆಸ್ಟ್ ನಡೆದದ್ದು ಆಫೀಸಿನ ಮೀಟಿಂಗ್ ರೂಮಿನಲ್ಲಿ. ಟೈಪಿಂಗಿಗೆ ಟೈಮ್ ನೋಡುವುದು ನನ್ನ ಕೆಲಸ, ಹಳೆ ಸ್ಟೆನೋ ಅಲ್ಲವೇ. ಕೈಯಲ್ಲಿ ಸ್ಟಾಪ್‌ವಾಚ್. ಅವರ ಸರದಿ ಬಂದಾಗ ಅಭ್ಯಾಸದಂತೆ ನಿಂತೇ ಬಾಗಿದರು. ಮ್ಯಾನೇಜರು ತಲೆಯೆತ್ತಿ, ಕ್ಯಾಂಡಿಡೇಟ್ಸ್ ಮಸ್ಟ್ ಬಿ ಸೀಟೆಡ್ ಎಂದರು. ನಾನೇ ಕುರ್ಚಿ ಎಳೆದು ಕೊಟ್ಟೆ. ಅವರು ಕೂತರು. ಪರದೇಶದ ಕುರ್ಚಿಯಲ್ಲಿ ಮೊದಲ ಸಲ ಕೂತವರ ಹಾಗೆ, ಅಂಚಿನಲ್ಲಿ. ಎರಡು ಬೆರಳು ಓಡಿದವು, ಓಡಿದವು. ನಾನು ಶಬ್ದ ಎಣಿಸಿದೆ. ಹದಿನೇಳು.

ಮ್ಯಾನೇಜರು ನನ್ನ ಕಡೆ ನೋಡಿದರು. ಇಪ್ಪತ್ತು ಅಂದಿದ್ದರೆ ಅವರು ಬರೆದುಕೊಳ್ಳುತ್ತಿದ್ದರು. ಆ ಕೋಣೆಯಲ್ಲಿ ಬೇರೆ ಯಾರ ಕೈಯಲ್ಲೂ ಸ್ಟಾಪ್‌ವಾಚ್ ಇರಲಿಲ್ಲ. ನಾನು ಸೆವೆಂಟೀನ್ ಎಂದೆ. ಗುರುವಾರ ಅಷ್ಟು ಸಲೀಸಾಗಿ ಬಂದ ಸುಳ್ಳು ಭಾನುವಾರ ಬಾಯಿಗೆ ಬರಲೇ ಇಲ್ಲ.

ಶೀಟಿನ ಪರೀಕ್ಷೆಯಲ್ಲಿ ಹನ್ನೊಂದರಲ್ಲಿ ಮೊದಲನೆಯವರು ಅವರೇ. ಆದರೆ ಎರಡೂ ಪಾಸಾಗಬೇಕಿತ್ತು. ಒಂಬತ್ತು ಜನ ಮೆಸಯೀದಿಗೆ ಹೋದರು, ಇಬ್ಬರಿಗೆ ಕ್ಯಾನ್ಸಲ್. ಇಬ್ಬರಲ್ಲಿ ಒಬ್ಬರು ಬ್ಯಾರಿಗಳು. ಬಜಪೆಯವನು ಪಾಸು, ಅವನೇ ಈಗ ಅಲ್ಲಿ ಸ್ಟೋರ್ ಸೂಪರ್‌ವೈಸರ್, ಹೋದ ತಿಂಗಳು ಮೆಸೇಜು ಕಳಿಸಿದವನು.

ನಾನು ಮ್ಯಾನೇಜರ ಬಾಗಿಲಿನವರೆಗೆ ಮೂರು ಸಲ ಹೋದೆ. ಈ ಮನುಷ್ಯ ಶುಕ್ರವಾರ ನನ್ನ ತಪ್ಪಿಗಾಗಿ ಬಸ್ಸಿನಲ್ಲಿ ಕಳೆದರು, ಇನ್ನೊಂದು ಸಲ ಟೆಸ್ಟ್ ಕೊಡಿ ಎನ್ನುವುದು ಅಷ್ಟೇನೂ ಉದ್ದದ ವಾಕ್ಯವಲ್ಲ. ಇಂಗ್ಲಿಷಿನಲ್ಲಿ ಮನಸ್ಸಿನಲ್ಲೇ ಟೈಪ್ ಕೂಡ ಮಾಡಿಕೊಂಡಿದ್ದೆ. ಒಂದು ಸಲ ಅವರು ಫೋನಿನಲ್ಲಿದ್ದರು. ಒಂದು ಸಲ ಅವರು ಇರಲಿಲ್ಲ. ಒಂದು ಸಲ ಅವರು ಒಬ್ಬರೇ ಇದ್ದರು, ಯೆಸ್ ಎಂದು ತಲೆಯೆತ್ತಿ ಕೇಳಿದರು, ನಾನು ಲೀವ್ ಫಾರಂ ಬೇಕಿತ್ತು ಎಂದೆ.

ನೋಟೀಸಿನ ತಿಂಗಳು ನಾನು ಪೋರ್ಟಾಕ್ಯಾಬಿನ್ನಿನ ಕಡೆ ಹೋಗಲಿಲ್ಲ. ಮೆಶೀನುಗಳನ್ನು ಮ್ಯಾನೇಜರು ಯಾಕೋ ವಾಪಸು ಕೇಳಲಿಲ್ಲ. ಬ್ಯಾರಿಗಳು ಸಂಜೆ ಅಲ್ಲಿಗೆ ಹೋಗಿ ಕ್ಯಾಂಪಿನಲ್ಲಿ ಉಳಿದ ಹುಡುಗರಿಗೆ ಹೇಳಿಕೊಡುತ್ತಿದ್ದಾರೆ ಎಂದು ಕೇಳಿದೆ. ಒಂದು ಸಂಜೆ ದೂರದಿಂದ ಧಡ್ ಧಡ್ ಕೂಡ ಕೇಳಿಸಿತು. ಬೇರೆ ದಾರಿಯಿಂದ ಬಸ್ ಸ್ಟಾಪಿಗೆ ಹೋದೆ.

ಅವರು ಹೊರಡುವ ದಿನ ಏರ್‌ಪೋರ್ಟಿಗೆ ಹೋಗುವ ಕಂಪನಿ ಬಸ್ಸು ನಾಲ್ಕು ಗಂಟೆಗೆ ಗೇಟಿನ ಹತ್ತಿರ ನಿಂತಿತ್ತು. ಅವರ ಪಾಸ್‌ಪೋರ್ಟಿನ ಕವರನ್ನು ಕೈಗೆ ಕೊಡಬೇಕಾದದ್ದು ನಾನೇ, ತಪ್ಪಿಸಿಕೊಳ್ಳಲಿಕ್ಕೆ ಆಗಲಿಲ್ಲ. ಸುತ್ತ ಕ್ಯಾಂಪಿನವರು ಪೊಟ್ಟಣ ಹಿಡಿದು ನಿಂತಿದ್ದರು, ಕಾಕಾ ಇದು ನನ್ನ ಉಮ್ಮನಿಗೆ, ಕಾಕಾ ಇದು ನನ್ನ ಅಕ್ಕನ ಮಗುವಿಗೆ ಎಂದು. ಅವರು ಒಂದೊಂದನ್ನೂ ತೂಗಿ ನೋಡಿ ಬಸ್ಸಿನೊಳಗೆ ಇಡಿಸುತ್ತಿದ್ದರು. ತಮ್ಮದೆಂದು ಇದ್ದದ್ದು ಒಂದು ಸಣ್ಣ ಸೂಟ್‌ಕೇಸ್. ಕಾರ್ಡನ್ನು ಕಂಪನಿಗೆ ವಾಪಸು ಕೊಟ್ಟಾಗಿತ್ತು. ಕೊರಳಲ್ಲಿ ನೀಲಿ ಪಟ್ಟಿ ಮಾತ್ರ ಇತ್ತು, ಅದರ ತುದಿಯಲ್ಲಿ ಪೆನ್ ಡ್ರೈವ್. ತಾಗಲಿಕ್ಕೆ ಇನ್ನೊಂದು ಇಲ್ಲದೆ ಅದು ಟಿಕ್ ಟಿಕ್ ಅನ್ನುತ್ತಿರಲಿಲ್ಲ.

ಕವರ್ ಕೊಟ್ಟೆ. ಅವರು ಪಟ್ಟಿಯನ್ನು ತಲೆಯ ಮೇಲಿನಿಂದ ತೆಗೆದು ನನ್ನ ಕೈಯಲ್ಲಿಟ್ಟರು.

"ಇದರಲ್ಲಿ ಎಲ್ಲ ಉಂಟು. ಹೊಸ ಪೆಟ್ಟಿಗೆ ಬಂದರೆ ಇದರಿಂದಲೇ ಹಾಕಿ, ಪುನಃ ಇಳಿಸುವುದು ಬೇಡ. ಕ್ರಮ ನಿಮ್ಮ ಶಾರ್ಟ್‌ಹ್ಯಾಂಡಿನಲ್ಲಿ ಉಂಟಲ್ಲ." ಆಮೇಲೆ ಸ್ವಲ್ಪ ಬಾಗಿ, ಹುಡುಗರಿಗೆ ಕೇಳದ ಹಾಗೆ, "ಇದೊಂದನ್ನು ಮಾತ್ರ ಗುಡಿಸಬೇಡಿ ಬಾಯಮ್ಮ" ಎಂದರು.

ಪಟ್ಟಿಯನ್ನು ಅಂಗೈಗೆ ಸುತ್ತಿಕೊಂಡೆ. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಕೇಳಿದ್ದು ಇಂಗ್ಲಿಷಿನಲ್ಲಿ, ಯಾಕೋ.

"ಗುರುವಾರವೇ. ನಾವು ಹೊಡೆದ ಕಮಾಂಡನ್ನೆಲ್ಲ ಅದು ನೆನಪಿಟ್ಟುಕೊಳ್ತದೆ. ಮೇಲಿನ ಬಾಣದ ಕೀ ಒತ್ತಿದರೆ ಸಾಕು, ಕೊನೆಯದ್ದು ಮೊದಲು ಬರ್ತದೆ." ಅವರು ಕನ್ನಡಕದ ಟೇಪನ್ನು ಸರಿ ಮಾಡಿಕೊಂಡರು. "ನೀವು ಹೇಳ್ತೀರಿ ಅಂತ ನೋಡಿದೆ."

ಅಷ್ಟರಲ್ಲಿ ಡ್ರೈವರು ಯಲ್ಲಾ ಯಲ್ಲಾ ಎಂದು ಹಾರ್ನ್ ಹೊಡೆದ. ಒಬ್ಬ ಓಡಿ ಬಂದು ಇನ್ನೊಂದು ಪೊಟ್ಟಣ ಅವರ ಕಂಕುಳಿಗೆ ತುರುಕಿದ. ಅವರು ಹತ್ತಿದರು. ನಾನು ಬಾಯಿ ತೆರೆದೆ, ಬಾಗಿಲು ಮುಚ್ಚಿತು. ಬಸ್ಸು ತಿರುಗಿಕೊಳ್ಳಲು ಸ್ವಲ್ಪ ಹೊತ್ತು ಬೇಕಿತ್ತು, ಆ ಹೊತ್ತಿನಲ್ಲಿ ಗಾಜಿನ ಆಚೆ ಅವರು ಕಾಣುತ್ತಿದ್ದರು. ಸೀಟುಗಳೆಲ್ಲ ಖಾಲಿ. ಅವರು ಕೂತಿರಲಿಲ್ಲ. ನಡುವಿನ ದಾರಿಯಲ್ಲಿ ನಿಂತು, ಮೇಲಿನ ಕಂಬಿಯ ಮೇಲಿಟ್ಟ ಪೊಟ್ಟಣಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತ ಹಿಂದಿನಿಂದ ಮುಂದಕ್ಕೆ ಬಂದರು. ಎಣಿಕೆ ತಪ್ಪಿತೋ ಏನೋ, ತಿರುಗಿ ಮತ್ತೆ ಮುಂದಿನಿಂದ ಹಿಂದಕ್ಕೆ ನಡೆದರು.